ಅಡುಗೆ ಎಂಬ ಫೋಲ್ಡರ್

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ನಮ್ಮಲ್ಲಿ ಕೊಡಲಿ, ಕುಡಗೋಲಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲವನ್ನೂ ತೊಳೆದು ಒರೆಸಬೇಕು. ಹದಿನೈದು ವರ್ಷದ ಹಳೆಯ ಕಂಪ್ಯೂಟರಿಗೂ ವಿನಾಯಿತಿ ಇಲ್ಲ. ಈ ಸಲ ನಮ್ಮ ಮನೆಯವರಿಗೆ ಅದರ ಹೊರಗಿನ ಧೂಳು ಸಾಲಲಿಲ್ಲ.

"ಒಳಗೂ ಭಾಳ ಕಸ ಐತಿ. ಫಾರ್ಮ್ಯಾಟ್ ಹೊಡದ್ರ ಹೊಸಾದರಂಗ ಓಡತೈತಿ," ಎಂದರು.

ಸುಳ್ಳಲ್ಲ. ಅದನ್ನು ಚಾಲೂ ಮಾಡಿ, ರೊಟ್ಟಿಗೆ ಹಿಟ್ಟು ನಾದಿಟ್ಟು ಬಂದರೂ ಇನ್ನೂ ತಿಣುಕುತ್ತಿರುತ್ತಿತ್ತು. ಆದರೆ ಅದರೊಳಗೆ 'ಅಡುಗೆ' ಎಂಬ ನನ್ನದೊಂದು ಫೋಲ್ಡರ್ ಇತ್ತು. ಅದರಲ್ಲಿ ಅಡುಗೆ ಇರಲಿಲ್ಲ. ಮನೋಳಿಯಿಂದ ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಂಡದ್ದನ್ನೆಲ್ಲ ಮೂರು ವರ್ಷ ಮಧ್ಯಾಹ್ನಗಳಲ್ಲಿ ಕುಳಿತು ಬರೆದಿದ್ದೆ. ಈಗ ತೀರಿಕೊಂಡಿರುವ ಅತ್ತೆಯವರು ರೊಟ್ಟಿ ಎಣಿಸಿ ಬುಟ್ಟಿ ಮುಚ್ಚುತ್ತಿದ್ದುದನ್ನು, ಬಸುರಿಯಾಗಿದ್ದಾಗ ಮೂರನೆಯ ರೊಟ್ಟಿಗೆ ಕೈಹಾಕಿದ ನನ್ನನ್ನು ಅವರು ನೋಡಿದ ರೀತಿಯನ್ನು. ಯಾರಿಗೂ ತೋರಿಸಿರಲಿಲ್ಲ. ಅಡುಗೆ ಎಂದು ಹೆಸರಿಟ್ಟರೆ ನಮ್ಮ ಮನೆಯ ಗಂಡಸರು ಅತ್ತ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡಿದ್ದೆ.

"ನನ್ನ ಅಡಿಗಿ ಫೋಲ್ಡರ್ ತಗದ ಇಟ್ಟೀರಿಲ್ರಿ?"

"ಎಲ್ಲಾ ಪೆನ್‌ಡ್ರೈವಿಗೆ ಹಾಕೇನಿ. ನಿಂದೂ ಹಾಕೇನಿ," ಎಂದರು. ಪರದೆಯ ಮೇಲೆ, ಎಲ್ಲ ಅಳಿಸಲೇ ಎಂಬ ಪ್ರಶ್ನೆ ಬಂದು ನಿಂತಿತ್ತು. "ಕೈಯಾಗ ಚಹಾ ಐತಿ. ಎಂಟರ್ ನೀನ ಒತ್ತು."

ಒತ್ತಿದೆ. ಮರುದಿನ ಕಂಪ್ಯೂಟರಿಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿದೆ.

ದಸರೆಯ ಬೆಳಿಗ್ಗೆ ಪೆನ್‌ಡ್ರೈವ್ ಹಾಕಿ ನೋಡಿದರೆ ಮಕ್ಕಳ ಅಂಕಪಟ್ಟಿಗಳಿದ್ದವು. ಉಗರಗೋಳದ ಜಾತ್ರೆಯಲ್ಲಿ ಯಾರದೋ ಬೆನ್ನಷ್ಟೇ ಬಿದ್ದಿದ್ದ ಮಸುಕು ಫೋಟೊಗಳೂ ಇದ್ದವು. ನನ್ನದು ಮಾತ್ರ ಇರಲಿಲ್ಲ.

"ಮರತಿರಬೇಕ. ಅಡಿಗಿ ಅಲ್ಲೇನ, ಮೊಬೈಲಿನ್ಯಾಗ ಬೇಕಾದಷ್ಟು ಸಿಗತಾವ," ಎಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟರು.

ನಂಬಿದೆ. ಇಡೀ ದಿನ ನನ್ನ ಜಾಣತನಕ್ಕೇ ಬೈದುಕೊಂಡೆ. ಅಡುಗೆ ಎಂದು ಹೆಸರಿಟ್ಟದ್ದಕ್ಕೆ ಯಾರು ತಾನೇ ಬೆಲೆ ಕೊಡುತ್ತಾರೆ?

ಸಂಜೆ ಅವರು ಬನ್ನಿ ಎಲೆ ತಂದರು. ಅದನ್ನು ಕೊಟ್ಟು ತೆಗೆದುಕೊಂಡರೆ ಹಿಂದಿನ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು, ಅದು ನಮ್ಮ ಕಡೆಯ ರೂಢಿ.

"ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ಕೈಚಾಚಿದರು.

ನನಗೆ ತಡೆಯಲಾಗಲಿಲ್ಲ. "ಅದರಾಗ ಅಡಿಗಿ ಇರಲಿಲ್ಲರಿ. ಮೂರ ವರ್ಷ ಕುಂತ ಬರದದ್ದಿತ್ತು."

ಏನು ಬರೆದಿದ್ದೆ ಎಂದು ಅವರು ಕೇಳಲಿಲ್ಲ.

"ನಮ್ಮವ್ವ ರೊಟ್ಟಿ ಎಣಿಸ್ತಿದ್ದಿಲ್ಲ," ಎಂದರು.

ಓದಿದ್ದರು. ಪೂರಾ ಓದಿಯೇ ಬಿಟ್ಟುಹಾಕಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ನನ್ನ ಬೆರಳಿಂದಲೇ ಎಂಟರ್ ಒತ್ತಿಸಿ. ಅವರ ತಾಯಿಯ ಮೇಲೂ ನನಗೆ ಎಂದೂ ಅಷ್ಟು ಸಿಟ್ಟು ಬಂದಿರಲಿಲ್ಲ. ಅತ್ತೆಯವರು ಎಣಿಸಿದ್ದನ್ನು ನನ್ನ ಕಣ್ಣೆದುರೇ ಎಣಿಸಿದ್ದರು.

ಬನ್ನಿ ತೆಗೆದುಕೊಳ್ಳಲಿಲ್ಲ. ಊಟಕ್ಕೆ ಕುಳಿತಾಗ ಅವರ ತಟ್ಟೆಗೆ ಎರಡು ರೊಟ್ಟಿ ಎಣಿಸಿ ಹಾಕಿ, ಬುಟ್ಟಿ ಮುಚ್ಚಿದೆ. ಅವರು ಮೂರನೆಯದನ್ನು ಕೇಳಲಿಲ್ಲ.