ಗುಂಯ್ ಸದ್ದು ನಿಲ್ಲಿಸುವ ಯಜಮಾನರು
ಹಳೇ ಕಾಲದ ಗಾಜಿನ ವಾಲ್ವ್ ಆಂಪ್ಲಿಫೈಯರ್ ರಿಪೇರಿಯ ಯಜಮಾನರಿಗೆ ಹಾಡಿನ ಗೊಡವೆ ಇಲ್ಲ. ಹಾಡಿಲ್ಲದಾಗ ಸ್ಪೀಕರ್ ಗುಂಯ್ ಅನ್ನಬಾರದು, ಅಷ್ಟೇ. ಅದಕ್ಕೇ ಒಂದೇ ಆಂಪ್ಲಿಫೈಯರಿಗೆ ಹೈವೋಲ್ಟೇಜ್ ರೆಗ್ಯುಲೇಟರನ್ನೂ ಆಕ್ಟಿವ್ ಲೋಡನ್ನೂ ಜೋಡಿ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಾರೆ. "ಒಂದು ವೋಲ್ಟೇಜ್ ಕದಲೋಕೆ ಬಿಡಲ್ಲ, ಇನ್ನೊಂದು ಕರೆಂಟ್ ಕದಲೋಕೆ ಬಿಡಲ್ಲ ಕಣೇ!" ಅನ್ನುತ್ತಾರೆ ಅವರು. "ನಡುವೆ ಸಿಕ್ಕ ವಾಲ್ವಿನ ಪಾಡು ನನಗೆ ಗೊತ್ತು ಬಿಡಿ, ನಿಮಗೂ ನಿಮ್ಮಮ್ಮನಿಗೂ ನಡುವೆ ಬಾಳಿದವಳು ನಾನು" ಅನ್ನುತ್ತಾಳೆ ಹೆಂಡತಿ. ರಿಪೇರಿ ಅಂಗಡಿ ಖಾಯಂ ಮುಚ್ಚಿದಾಗ ಅವರು ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಿದ್ದು ಈ ಆಂಪ್ಲಿಫೈಯರೇ. ಈಗ ಕಿವಿಯೂ ಮಂದ. ದಿನಾ ಸಂಜೆ ಸ್ಪೀಕರಿಗೆ ಕಿವಿಯಿಟ್ಟು ಗುಂಯ್ ಇದೆಯೋ ಇಲ್ಲವೋ ಹೇಳುವವಳು ಆಕೆಯೇ. ಆ ಸದ್ದು ಪೂರ್ತಿ ಅಡಗಿ ಎರಡು ವರ್ಷವಾಯಿತು. ನಿಂತಿತು ಅಂದರೆ ನಾಳೆ ಇವರು ಮತ್ತೆ ಗೋಡೆ ಕಡೆ ತಿರುಗಿಬಿಟ್ಟಾರು ಅನ್ನೋ ಭಯಕ್ಕೆ, "ಇನ್ನೂ ಒಂಚೂರು ಇದೆ ರೀ" ಅಂತ ಆಕೆ ಅವರ ಕಿವಿಯಲ್ಲಿ ಕೂಗುತ್ತಾಳೆ.