ತೂಕದಕ್ಕನ ನಲವತ್ತು ನಿಲುಗಡೆ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಐವತ್ತೆರಡರ ಹೆಂಗಸು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಜಾಯ್‌ಸ್ಟಿಕ್ ಹಿಡಿದು, ಎಂಟುನೂರು ಟನ್ ಅದಿರು ಹೊತ್ತ ಹಡಗನ್ನು ಬಾಹ್ಯಾಕಾಶದ ಬಂದರಿಗೆ ತರುತ್ತಿದ್ದಾರೆ. ಪರದೆಯ ಮೇಲೆ ಬಂದರಿನ ಬಾಗಿಲು ಇನ್ನೂ ಬೆಂಕಿಪೊಟ್ಟಣದಷ್ಟಿದೆ. ಅಷ್ಟು ದೂರದಲ್ಲೇ ಅವರು ಹಡಗಿನ ಬೆನ್ನನ್ನು ಮುಂದಕ್ಕೆ ತಿರುಗಿಸಿ ಎಂಜಿನ್ ಉರಿಸುತ್ತಾರೆ. ಅಲ್ಲಿ ಬ್ರೇಕ್ ಎಂಬುದಿಲ್ಲ. ಹೊರಟ ದಿಕ್ಕಿಗೆ ಎದುರಾಗಿ ತಳ್ಳಿದರಷ್ಟೇ ವೇಗ ತಗ್ಗುವುದು. ಹಡಗು ಎಲ್ಲೂ ಸವರದೆ ಒಳಗೆ ಬಂದು ನಿಲ್ಲುತ್ತದೆ. ಅವರು ಹಾಳೆಯ ಮೇಲೆ ಒಂದು ಗೀಟು ಎಳೆಯುತ್ತಾರೆ.

"ಎದೇಲಿ ಅವಲಕ್ಕಿ ಕುಟ್ಟಿದ ಹಾಗಾಗ್ತಿದೆ. ಒಂದು ಲೋಟ ಟೀ ಕೂಡ ಇಳೀಲಿಲ್ಲ," ಎನ್ನುತ್ತಾರೆ.

ಕಚೇರಿಯವರಿಗೆಲ್ಲ ಅವರು ತೂಕದಕ್ಕ. ನಿಜವಾದ ಹೆಸರಿರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಈ ಕಂಪನಿ ಮಾಡುವುದು ಒಂದೇ ಒಂದು ಕಂಪ್ಯೂಟರ್ ಆಟ: ಒಂದು ಗ್ರಹದಲ್ಲಿ ಸರಕು ಕೊಂಡು, ಹಡಗಿಗೆ ತುಂಬಿ, ಇನ್ನೊಂದು ಗ್ರಹದಲ್ಲಿ ಮಾರುವ ಆಟ. ರಾತ್ರಿಯೆಲ್ಲ ಎಂಜಿನಿಯರುಗಳು ಆಟದಲ್ಲಿ ಏನೇನೋ ಬದಲಾಯಿಸಿರುತ್ತಾರೆ. ಅವರು ಮರಳಿ ಬರುವ ಮುಂಚೆ ಹಡಗಿನ ನಡಿಗೆ ಕೆಟ್ಟಿಲ್ಲವೆಂದು ಹೇಳಬೇಕಾದವರು ತೂಕದಕ್ಕ. ದಿನಕ್ಕೆ ನಲವತ್ತು ನಿಲುಗಡೆ. ಖಾಲಿ ಹಡಗಿನಲ್ಲಿ ಹತ್ತು, ಅರ್ಧ ಹೊರೆಯಲ್ಲಿ ಹತ್ತು, ತುಂಬು ಹೊರೆಯಲ್ಲಿ ಹತ್ತು, ಒಂದು ಎಂಜಿನ್ ಕೆಟ್ಟಂತೆ ಮಾಡಿ ಹತ್ತು. ಆರು ವರ್ಷದಲ್ಲಿ ಎಪ್ಪತ್ತು ಸಾವಿರ ದಾಟಿದೆ. ಆಟದ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಕಾಫಿ ಯಂತ್ರ ಕೊಟ್ಟವರಿಗೂ ವಂದನೆ ಇದೆ, ಇವರಿಗಿಲ್ಲ.

ಇಲ್ಲಿಗೆ ಅವರು ಬಂದದ್ದು ಕಸ ಗುಡಿಸಲು. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಉಕ್ಕಿನ ಗೋದಾಮಿನಲ್ಲಿ ಕ್ರೇನ್ ನಡೆಸಿದವರು. ಗೋದಾಮು ಮುಚ್ಚಿತು, ಪೊರಕೆ ಕೈಗೆ ಬಂತು. ಒಂದು ದಿನ ಹಡಗಿನ ಚಲನೆಯ ಲೆಕ್ಕ ಬರೆಯುವ ಎಂಜಿನಿಯರ್ ಹುಡುಗಿಯ ಬೆನ್ನ ಹಿಂದೆ ನಿಂತು, ಪರದೆ ನೋಡಿ ಬಾಯಿ ತಡೆಯಲಾಗದೆ ಕೇಳಿಯೇಬಿಟ್ಟರು: "ಏನಮ್ಮ, ಇಷ್ಟು ಸರಕು ಹೊತ್ತಿರೋದು ಬ್ರೇಕ್ ಹಾಕಿದ ಸೈಕಲ್ ಥರ ನಿಲ್ಲುತ್ತಾ? ಹೊರೆಗೆ ಹಠ ಇರುತ್ತೆ. ಹೊರಟರೆ ನಿಲ್ಲಲ್ಲ, ನಿಂತರೆ ಹೊರಡಲ್ಲ." ಹುಡುಗಿ ಕುರ್ಚಿ ಬಿಟ್ಟು ಎದ್ದು, ಜಾಯ್‌ಸ್ಟಿಕ್ ಅವರ ಕೈಗಿಟ್ಟಳು.

ಮನೆಯಲ್ಲಿ ದರ್ಜಿ ಗಂಡ ಗೇಲಿ ಮಾಡುವುದುಂಟು. "ಭೂಮಿ ಮೇಲೆ ಹೊತ್ತಿದ್ದು ಸಾಲ್ದು ಅಂತ ಆಕಾಶದಲ್ಲೂ ಮೂಟೆ ಹೊರೋಕೆ ಹೋಗ್ತಾಳೆ." ಇವತ್ತು ಮಾತ್ರ ಗೇಲಿ ಬಿಟ್ಟು ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಿದ್ದಾರೆ.

ಏಕೆಂದರೆ ಇವತ್ತು ಇತ್ಯರ್ಥದ ದಿನ. ನಾಲ್ಕು ತಿಂಗಳಿಂದ ಹೊಸ ಆಟಗಾರರು ಒಂದೇ ಸಮನೆ ದೂರುತ್ತಿದ್ದಾರೆ: ಈ ಹಡಗು ಕೈಗೆ ಸಿಗುವುದಿಲ್ಲ, ಬಂದರಿನಲ್ಲಿ ಗುದ್ದಿ ಒಡೆಯುತ್ತದೆ. ಕಂಪನಿಯ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಹತ್ತು ಗಂಟೆಗೆ, ಎಂದೂ ಆಡದ ಹತ್ತು ಮಂದಿಯನ್ನು ಕೂರಿಸುತ್ತಾರೆ. ತುಂಬು ಹೊರೆಯ ಹಡಗನ್ನು ಆರು ಮಂದಿ ನಿಲ್ಲಿಸಿದರೆ ಸರಿ. ಇಲ್ಲದಿದ್ದರೆ ನಿಜದ ಚಲನೆಯನ್ನೇ ಕಿತ್ತುಹಾಕುವುದು. ಜಾಯ್‌ಸ್ಟಿಕ್ ಬಿಟ್ಟರೆ ಸಾಕು, ಹಡಗು ತಾನೇ ನಿಲ್ಲುವುದು. ಆಮೇಲೆ ತೂಕದಕ್ಕನಿಗೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

"ಈ ವಯಸ್ಸಲ್ಲಿ ನನ್ನನ್ನ ಯಾರು ಕರೀತಾರೆ, ಹೇಳಿ? ಹೊಟ್ಟೆಪಾಡು ಒಂದು ಕಡೆ. ಖಾಲಿ ಹಡಗೂ ತುಂಬಿದ ಹಡಗೂ ಒಂದೇ ಅಂದ್ರೆ, ಸರಕು ಸಾಗಿಸಿದ್ದಕ್ಕೆ ಏನು ಅರ್ಥ?"

ಹತ್ತಕ್ಕೆ ಶುರುವಾಗುತ್ತದೆ. ಮೊದಲನೆಯವನು ಗುದ್ದುತ್ತಾನೆ. ಎರಡನೆಯವಳು ಜಾಣೆ, ಬೇಗನೇ ವೇಗ ತಗ್ಗಿಸುತ್ತಾಳೆ, ಆದರೂ ಬಾಗಿಲ ಚೌಕಟ್ಟಿಗೆ ತಗಲುತ್ತಾಳೆ. ಮೂರನೆಯವರು, ನಾಲ್ಕನೆಯವರು ಕೂಡ ಅಷ್ಟೇ. ಇನ್ನೊಬ್ಬರು ಗುದ್ದಿದರೆ ಕಥೆ ಮುಗಿಯಿತು. ಗೋಡೆಗೆ ಒರಗಿ ನಿಂತ ತೂಕದಕ್ಕನಿಗೆ ಆಗ ಹೊಳೆಯುತ್ತದೆ: ನಾಲ್ವರೂ ಗುದ್ದಿದ್ದು ಎಡಗಡೆಗೇ.

ಅವರು ತಮ್ಮ ಕುರ್ಚಿಗೆ ಓಡುತ್ತಾರೆ. ತುಂಬು ಹೊರೆಯ ಹಡಗು ಹೊರಡಿಸಿ, ಎಂಜಿನ್ ಉರಿಸಿ, ಜಾಯ್‌ಸ್ಟಿಕ್‌ನಿಂದ ಕೈ ಪೂರ್ತಿ ತೆಗೆಯುತ್ತಾರೆ. ಹಡಗು ಮೆಲ್ಲಗೆ ಎಡಕ್ಕೆ ಜಾರುತ್ತದೆ. ಇಷ್ಟು ತಿಂಗಳೂ ಅವರ ಕೈ, ಅವರಿಗೇ ತಿಳಿಯದಂತೆ, ಅದನ್ನು ಬಲಕ್ಕೆ ಒತ್ತಿ ಹಿಡಿದಿತ್ತು. ತನ್ನ ಬೆನ್ನು ತನಗೆ ಕಾಣದು. ದಿನವೂ ಹಾಳೆಯ ಕೆಳಗೆ 'ಸರಿಯಿದೆ' ಎಂದು ರುಜು ಹಾಕಿದವರು ಅವರೇ.

ಸುಮ್ಮನಿದ್ದರೆ ತಪ್ಪನ್ನು ಹೊಸಬರ ತಲೆಗೆ ಕಟ್ಟಬಹುದಿತ್ತು. ಬದಲಿಗೆ ಯಜಮಾನರ ಮುಂದೆ ಹೋಗಿ, "ನಿಲ್ಲಿಸಿ ಸಾರ್. ಹಡಗು ಎಡಕ್ಕೆ ಎಳೀತಿದೆ. ತಪ್ಪು ಅವರದ್ದಲ್ಲ, ನಂದು," ಎನ್ನುತ್ತಾರೆ. "ಕ್ರೇನ್ ರಿಪೇರಿ ಆದ್ಮೇಲೆ ಮೊದಲ ಸರಕು ಹೊಸಬರ ಕೈಲೇ ಎತ್ತಿಸ್ತಿದ್ವಿ. ಹಳಬರ ಕೈ ಕುಂದು ಮುಚ್ಚಿಹಾಕುತ್ತೆ ಅಂತ. ಗೊತ್ತಿದ್ದೂ ಮರೆತೆ."

ಯಜಮಾನರು ಗಡಿಯಾರ ನೋಡುತ್ತಾರೆ. "ಒಂದು ಗಂಟೆ ಕೊಡ್ತೀನಿ. ಆದ್ರೆ ಆ ನಾಲ್ಕು ಲೆಕ್ಕದಲ್ಲಿರುತ್ತೆ."

ಎಂಜಿನಿಯರ್ ಹುಡುಗಿಯ ಬೆರಳು ಕೀಲಿಮಣೆಯ ಮೇಲೆ ಓಡುತ್ತದೆ. ನಾಲ್ಕು ತಿಂಗಳ ಹಿಂದೆ ಸರಕಿನ ಕೋಣೆ ಹಿಗ್ಗಿಸಿದಾಗ ಹೊರೆಯ ನಡುಬಿಂದು ಒಂದು ಮೊಳ ಪಕ್ಕಕ್ಕೆ ಸರಿದಿದೆ. "ಅಕ್ಕಾ, ಬರೆದವಳು ನಾನು. ನಿಮ್ಮ ರುಜು ನೋಡಿ ಮತ್ತೆ ತಿರುಗಿ ನೋಡ್ಲಿಲ್ಲ," ಎನ್ನುವಾಗ ಅವಳ ಕಣ್ಣು ತುಂಬಿದೆ. "ಅಳೋದು ಆಮೇಲೆ, ಮೊದಲು ಸರಿಮಾಡು ತಾಯಿ," ಎನ್ನುತ್ತಾರೆ ತೂಕದಕ್ಕ.

ಐದನೆಯವರು ನಿಲ್ಲಿಸುತ್ತಾರೆ. ಆರು, ಏಳು, ಎಂಟು, ಒಂಬತ್ತು. ಕೊನೆಯವರು ನಿವೃತ್ತ ನರ್ಸ್. ಜಾಯ್‌ಸ್ಟಿಕ್ ಹಿಡಿದದ್ದೇ ಇವತ್ತು. ವೇಗ ಹೆಚ್ಚಾಗಿ ಬಾಗಿಲು ತಪ್ಪುತ್ತದೆ, ಹಡಗು ಬಂದರನ್ನು ದಾಟಿ ಕತ್ತಲಿಗೆ ಹೋಗುತ್ತದೆ. ಯಾರೂ ಹೇಳಿಕೊಡುವಂತಿಲ್ಲ. ತೂಕದಕ್ಕ ಸೆರಗಿನ ತುದಿ ಕಚ್ಚಿ ನಿಲ್ಲುತ್ತಾರೆ. ನರ್ಸ್ ಅವಸರಪಡದೆ ಹಡಗನ್ನು ತಿರುಗಿಸಿ, ವೇಗ ಇಳಿಸಿ, ಒಂಬತ್ತು ನಿಮಿಷ ಆಮೆಯ ಹಾಗೆ ಹಿಂದಕ್ಕೆ ತಂದು, ಒಳಗಿಟ್ಟು, "ಇಷ್ಟೇನಾ?" ಎಂದು ಕೇಳುತ್ತಾರೆ.

ಕಚೇರಿ ಚಪ್ಪಾಳೆ ತಟ್ಟುತ್ತದೆ. ತೂಕದಕ್ಕ ನೆಲದ ಮೇಲೇ ಕೂತುಬಿಡುತ್ತಾರೆ. ಯಜಮಾನರು ಹತ್ತಿರ ಬಂದು, ಮುಂದಿನ ತಿಂಗಳಿಂದ ಆಟದ ಕೊನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕಿಸುತ್ತೇನೆ ಎನ್ನುತ್ತಾರೆ.

"ಹೆಸರು ಇರಲಿ ಬಿಡಿ ಸಾರ್," ಎನ್ನುತ್ತಾರೆ ಅವರು, ನೀರಿನ ಲೋಟ ಎರಡು ಕೈಯಲ್ಲೂ ಹಿಡಿದು. "ನನ್ನ ಕೈ ಜಾಣ ಆಗೋಗಿದೆ. ಜಾಣ ಕೈಗೆ ದಾರೀಲಿರೋ ಗುಂಡಿ ಕಾಣಲ್ಲ, ತಾನಾಗೇ ಸುತ್ತಿ ಹೋಗಿಬಿಡುತ್ತೆ. ದಿನಾ ಬೆಳಿಗ್ಗೆ ಏನೂ ಬರದೇ ಇರೋರು ಒಬ್ಬರನ್ನ ನನ್ನ ಕುರ್ಚಿಲಿ ಕೂರಿಸಿಕೊಡಿ. ಅವರು ಗುದ್ದಲಿ. ಗುದ್ದಿದ ಕಡೆ ನಾನು ನೋಡ್ಕೋತೀನಿ."