ಯೂಸುಫ್ ಚಾಚಾನ ಬ್ರಷ್

ಬೂಟಿನ ಬ್ರಷ್ಷು ಕೂದಲುದುರಿ ಬೋಳಾಗಿತ್ತು. ಮೊನ್ನೆ ಕಲಬುರಗಿಯ ಪೇಟೆಯಲ್ಲಿ ಒಂದು ಅಂಗಡಿ ಹತ್ತಿ, "ಒಂದು ಬ್ರಷ್ ಕೊಡಪ್ಪಾ" ಎಂದೆ.

"ಯಾವುದ್ರೀ ಅಜ್ಜಾರ? ಹಲ್ಲಿಂದೋ, ಗಡ್ಡದ್ದೋ, ಬೂಟಿಂದೋ, ಬಾಟ್ಲಿದೋ, ಬಣ್ಣದ್ದೋ?"

ಪತ್ರಿಕಾ ಕಚೇರಿಯಲ್ಲಿ ಹೊಸ ಹುಡುಗರಿಗೆ ಯಾವುದು, ಯಾರದು, ಎಲ್ಲಿಯದು ಎಂದು ಹೇಳದೆ ವಾಕ್ಯ ಮುಗಿಸಬೇಡಿ ಎಂದು ಗದರುತ್ತಿದ್ದವನು ನಾನು. ಅಂಗಡಿಯವನಿಗೆ ಕಾಲು ಎತ್ತಿ ಬೂಟು ತೋರಿಸಿದೆ.

ನೀವೇ ನೋಡಿ, ಕಮಲಾಪುರದ ನಮ್ಮ ಮನೆಯಲ್ಲಿ ಹಲ್ಲಿಗೆ ಬೇವಿನ ಕಡ್ಡಿ ಇತ್ತು, ಸುಣ್ಣಕ್ಕೆ ನಾರಿನ ಕುಂಚ ಇತ್ತು. ಬೂಟು ಇರಲಿಲ್ಲವಾದ್ದರಿಂದ ಅದಕ್ಕೆ ಏನೂ ಬೇಕಿರಲಿಲ್ಲ. ಆಮೇಲೆ ಈ ಒಂದು ಇಂಗ್ಲಿಷ್ ಪದ ಬಂದು ಎಲ್ಲವನ್ನೂ ನುಂಗಿತು. ಅದರ ಮೇಲೆ ಮುನಿಸಿಕೊಂಡ ಒಬ್ಬನೇ ಮನುಷ್ಯನನ್ನು ನಾನು ಕಂಡಿದ್ದೇನೆ. ಆತ ಕಲಬುರಗಿಯ ಮೋಮಿನಪುರದ ಯೂಸುಫ್ ಚಾಚಾ, ಅಂಗಡಿಗಳ ಬೋರ್ಡು ಬರೆಯುವವನು.

"ಬೂಟ್ ತಿಕ್ಕೂದಕ್ಕೂ ಬ್ರಷ್, ನನ್ನ ಕೈಯಾಗಿಂದಕ್ಕೂ ಬ್ರಷ್ ಅಂದ್ರ ಹ್ಯಾಂಗ? ಇದು ಕಲಮ್ ಅದ ಬೇಟಾ, ಕಲಮ್" ಎನ್ನುತ್ತಿದ್ದ. ಅಳಿಲಿನ ಬಾಲದ ಕೂದಲನ್ನು ದಾರದಿಂದ ಬಿಗಿದು ತಾನೇ ಕಟ್ಟಿಕೊಂಡ ಕಲಮು ಅದು.

ಕಮಲಾಪುರದ ನಮ್ಮ ಬಟ್ಟೆ ಅಂಗಡಿಯ ಉರ್ದು ಬೋರ್ಡು ಅವನ ಕೈಯದು. ದೀಪಾವಳಿಗೆ ಮುಂಚೆ ಕಲಬುರಗಿಯಿಂದ ಬಂದು ಮಾಸಿದ ಅಕ್ಷರ ತಿದ್ದುತ್ತಿದ್ದ. ಲಕ್ಷ್ಮೀಪೂಜೆಯ ದಿನ ಅವ್ವ ಗಜಕೋಲು, ಕತ್ತರಿಗಳ ಪಕ್ಕದಲ್ಲಿ ಅವನ ಕಲಮನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದಳು. ಅವನು ಅದಕ್ಕೆಂದೇ ಒಂದು ಕಲಮು ಬಿಟ್ಟು ಹೋಗುತ್ತಿದ್ದ. ಪೇಟೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಒಬ್ಬ ಬರೆದ ಬೋರ್ಡನ್ನು ಅವನು ಇರುವ ತನಕ ಇನ್ನೊಬ್ಬ ಮುಟ್ಟುತ್ತಿರಲಿಲ್ಲ. ಅಳಿಸುವುದಿದ್ದರೂ ಬರೆದವನೇ ಬರಬೇಕು.

ನಲವತ್ತೆಂಟರಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಯಿತು. ಅಂಗಡಿಗಳು ಮುಚ್ಚಿದವು, ತೆರೆದವು. ಮೋಮಿನಪುರದ ಕೆಲವು ಮನೆಗಳಿಗೆ ಬೀಗ ಬಿತ್ತು. ಯಾವ ಅಂಗಡಿಯ ಮೇಲೆ ಯಾವ ಲಿಪಿ ಇದೆ ಎಂದು ಜನ ನಿಂತು ನೋಡುವ ಕಾಲ ಬಂತು. ಬೋರ್ಡನ್ನು ಕನ್ನಡಕ್ಕೆ ಬದಲಿಸಲು ಅಪ್ಪ ಯೂಸುಫ್ ಚಾಚಾನಿಗೆ ಹೇಳಿಕಳಿಸಿದರು.

ಅವನು ಸೊರಗಿದ್ದ. ತನ್ನ ಅಕ್ಷರಗಳ ಮೇಲೆ ತಾನೇ ಬಣ್ಣ ಬಳಿದು ಕೆಳಗಿಳಿದ. "ಕನ್ನಡ ಮಾತಾಡ್ಲಾಕ ಬರ್ತದ ಸಾವುಕಾರ್ರ, ಬರೀಲಾಕ ಬರಂಗಿಲ್ಲ. ಕಾಗದದ ಮ್ಯಾಲ ತಗದು ಕೊಡ್ರಿ, ಚಿತ್ರ ತಗದಂಗ ತಗೀತೀನಿ. ಇದೊಂದು ಸರಿ ಆತಂದ್ರ ಉಳದ ಅಂಗಡಿಯವ್ರೂ ಕರೀತಾರ. ಇಲ್ಲಂದ್ರ ಹೈದರಾಬಾದಕ್ಕ ಮಗಳ ಮನಿಗೆ ಹೋಗೂದೇ."

ಕಾಗದದ ಮೇಲೆ ಬರೆದುಕೊಟ್ಟವನು ನಾನು. ಆಗ ನನಗೆ ಇಪ್ಪತ್ತರ ಆಸುಪಾಸು. ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಕಲಿತದ್ದು ಅವ್ವನ ಹತ್ತಿರ. 'ಮಲ್ಕಪ್ಪ ಬಟ್ಟೆಯ ಅಂಗಡಿ.' ನನ್ನ ಸೊಟ್ಟ ಒತ್ತಕ್ಷರಗಳನ್ನೂ ಚಾಚಾ ನಿಷ್ಠೆಯಿಂದ ಇಳಿಸಿದ. ಆದರೆ ಬಲದಿಂದ ಎಡಕ್ಕೆ ಓಡುವ ಉರ್ದುವಿಗೆ ಪಳಗಿದ ಕೈ ಬಲತುದಿಯಿಂದ ಶುರುಮಾಡಿತ್ತು. 'ಅಂಗಡಿ' ಅರಮನೆಯಂತೆ ಹರಡಿಕೊಂಡು ಕುಳಿತಿತು, 'ಬಟ್ಟೆಯ' ಹೇಗೋ ಹಿಡಿಸಿತು. ಎಡಗಡೆ ಅಪ್ಪನ ಹೆಸರು ಚೌಕಟ್ಟಿಗೆ ಒತ್ತಿಕೊಂಡು ನಿಂತಿತು.

ಅಪ್ಪ ಬೀದಿಗಿಳಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯೂಸುಫ್ ಮಿಯಾ, ಅಂಗಡಿ ಅಂತೂ ದೊಡ್ಡದಾತು. ಮಾಲಕಗ ಒಳಗ ನಿಂದ್ರಲಾಕ ಜಾಗಾನೇ ಇಲ್ಲಲ್ಲೋ!"

ಚಾಚಾನೂ ನಕ್ಕ. "ಬಾಡಿಗಿಗೆ ಕೊಟ್ಟುಬಿಡ್ರಿ ಸಾವುಕಾರ್ರ!" ಎಂದ. ನಗು ಇಳಿದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ: "ಬಣ್ಣ ತೀರ್ಯಾದ. ಮುಂದಿನ ಸಂತಿಗೆ ತಂದು ಮತ್ತ ಸಮಾ ಬರೀತೀನಿ. ಅಲ್ಲೀ ಮಟ ತಡೀರಿ."

"ತಡೀತೀನಿ, ಹೋಗಿ ಬಾ" ಎಂದರು ಅಪ್ಪ.

ಅವರು ತಡೆಯಲಿಲ್ಲ. ಬಂದ ಗಿರಾಕಿಯೆಲ್ಲ ಬೋರ್ಡು ನೋಡಿ ನಗುವವರೇ. ಅದರ ಮೇಲೆ ಒಬ್ಬ ಹಿರಿಯ ವ್ಯಾಪಾರಿ ಬಂದು, "ಈಗ್ಲೂ ಅವನ ಕೈಲೇ ಬರಸ್ತೀಯೇನೋ ಮಲ್ಕಪ್ಪಾ?" ಎಂದು ತಣ್ಣಗೆ ಕೇಳಿ ಹೋದರು. ಆ ಪ್ರಶ್ನೆ ಅಪ್ಪನನ್ನು ಹೆದರಿಸಿತು. ಸೊಲ್ಲಾಪುರದಿಂದ ಬಂದಿದ್ದ ಹೊಸ ಪೇಂಟರ್ ಅದೇ ವಾರ ಬೋರ್ಡು ಮುಗಿಸಿಕೊಟ್ಟ.

ಸಂತೆಯ ದಿನ ಚಾಚಾ ಬಣ್ಣದ ಡಬ್ಬಿ ಹಿಡಿದು ಬಂದ. ತಲೆಯೆತ್ತಿ ಬಹಳ ಹೊತ್ತು ನೋಡಿದ. ಅಪ್ಪ ಒಳಗೆ ಬಟ್ಟೆಯ ಥಾನುಗಳನ್ನು ಸುಮ್ಮಸುಮ್ಮನೆ ಮಡಚಿ ಮಡಚಿ ಇಡುತ್ತಿದ್ದರು.

"ಚಲೋ ಆಗ್ಯಾದ. ಸಮಾ ಕುಂತಾವ" ಎಂದ ಚಾಚಾ.

"ಚಾಚಾ, ಚಹಾ ಕುಡದು ಹೋಗ್ರಿ" ಎಂದೆ.

"ಬಸ್ ಹೋಗ್ತದ ಬೇಟಾ." ಬಸ್ಸಿಗೆ ಇನ್ನೂ ಹೊತ್ತಿತ್ತು.

ನಮ್ಮ ಬೋರ್ಡು ಅವನ ಕೈತಪ್ಪಿದ ಮೇಲೆ ಪೇಟೆಯಲ್ಲಿ ಮತ್ತಾರೂ ಅವನನ್ನು ಕರೆಯಲಿಲ್ಲ. ನಾನು ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಒಂದು ಗೋಡೆಗೆ ಸುಣ್ಣ ಹೊಡೆಯುತ್ತ ಸಿಕ್ಕ. ಕೈಯಲ್ಲಿದ್ದ ನಾರಿನ ಕುಂಚ ಎತ್ತಿ ತೋರಿಸಿ, "ಇದಕ್ಕೂ ಬ್ರಷ್ ಅಂತಾರ ಈಗ. ಅನ್ನಲಿ" ಎಂದ. ಮುಂದಿನ ಬೇಸಿಗೆಗೆ ಅವನ ಮನೆಗೂ ಬೀಗ ಬಿದ್ದಿತ್ತು. ಹೈದರಾಬಾದಿಗೆ ಹೋದನೆಂದರು. ಆ ವರ್ಷಗಳ ಬಗ್ಗೆ ಆಮೇಲೆ ನಾನು ಎಷ್ಟೋ ವರದಿ ಬರೆದೆ. ಒಬ್ಬ ಮನುಷ್ಯ ಮುಂದಿನ ಸಂತೆಯ ತನಕ ಸಮಯ ಕೇಳಿದ್ದ, ಅದು ಅವನಿಗೆ ಸಿಗಲಿಲ್ಲ ಎಂಬುದಕ್ಕೆ ಯಾವ ವರದಿಯಲ್ಲೂ ಜಾಗ ಇರಲಿಲ್ಲ. ಅಪ್ಪ ಕೊನೆಯವರೆಗೂ ಅವನ ಹೆಸರೆತ್ತಲಿಲ್ಲ. ಅವನು ಬಿಟ್ಟುಹೋದ ಕಲಮನ್ನು ಅವ್ವ ಇನ್ನೂ ಇಡುತ್ತಿದ್ದ ದೀಪಾವಳಿಯ ಪೂಜೆಗೆ ಮಾತ್ರ ತಡವಾಗಿ ಬಂದು ಹಿಂದೆ ನಿಲ್ಲುತ್ತಿದ್ದರು.

ಆ ಅಂಗಡಿಯನ್ನು ಈಗ ನನ್ನ ತಮ್ಮನ ಮಗ ನಡೆಸುತ್ತಾನೆ. ನಿನ್ನೆ ಅವನ ಫೋನ್ ಬಂತು.

"ದೊಡ್ಡಪ್ಪಾ, ಬೋರ್ಡ್ ಬದಲಿ ಮಾಡ್ಲಾಕತ್ತೀನಿ. ಫ್ಲೆಕ್ಸ್ ಅಂದ್ರ ಸಂಜೀಗೇ ಬರ್ತದ. ಇಲ್ಲೊಬ್ಬ ಮುದುಕ ಪೇಂಟರ್ ನಾ ಬರೀತೀನಿ ಅಂತಾನ. ಖರೆ ಅವಂದು ಕೈ ನಡಗತದ, ಹದಿನೈದು ದಿವಸ ಬೇಕಂತ. ಏನ್ ಹೇಳ್ಲಿ ಅವಗ?"

"ತಡೀತೀನಂತ ಹೇಳು" ಎಂದೆ. "ಹೇಳಿದ ಮ್ಯಾಲ ತಡಿ."